ಯಾಕೆ ಬಂದ್ರಿ ಅಂತ ಯಾರೂ ಕೇಳದ ಜಾಗ

(ಆಗಸ್ಟ್ 12, ಗ್ರಂಥಪಾಲಕರ ದಿನ. ಬೆಂಗಳೂರಿನ ಒಂದು ಬಡಾವಣೆಯ ಲೈಬ್ರರಿಯಲ್ಲಿ ಆಡಿದ ಮಾತುಗಳ ಬರಹ ರೂಪ ಇದು. ಬರೆಯುವಾಗ ಅಲ್ಲಲ್ಲಿ ತಿದ್ದಿದ್ದೇನೆ. ಅವತ್ತು ಹೇಳಲು ಮರೆತಿದ್ದ ಒಂದೆರಡು ವಿಷಯ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಮೊದಲು ಒಂದು ಕ್ಷಮೆ ಕೇಳಬೇಕು. ಈ ಕಾರ್ಯಕ್ರಮಕ್ಕೆ ಅಂತ ನಾವು ಇಲ್ಲಿನ ಕುರ್ಚಿಗಳನ್ನೆಲ್ಲ ಹಿಡಿದುಕೊಂಡು ಕೂತಿದ್ದೇವೆ. ದಿನಾ ಸಂಜೆ ಈ ಕುರ್ಚಿಗಳಲ್ಲಿ ಕೂರುವವರು ಬೇರೆಯವರು. ಅವರಲ್ಲಿ ನಾಲ್ಕೈದು ಜನ ಈಗ ಹೊರಗೆ ಮೆಟ್ಟಿಲ ಮೇಲೆ ಕೂತು ಓದುತ್ತಿದ್ದಾರೆ. ನಾನು ಒಳಗೆ ಬರುವಾಗ ಒಬ್ಬ ಹುಡುಗ ಪುಸ್ತಕದಿಂದ ತಲೆ ಎತ್ತದೆ ಕಾಲು ಮಾತ್ರ ಪಕ್ಕಕ್ಕೆ ಸರಿಸಿ ದಾರಿ ಕೊಟ್ಟ. ತೊಡೆಯ ಮೇಲೆ ಪಿಎಸ್‌ಐ ಪರೀಕ್ಷೆಯ ಗೈಡು ಇತ್ತು. ಅಗೋ, ಕಿಟಕಿ ಹತ್ತಿರ ಇಬ್ಬರು ಹಿರಿಯರು ಪೇಪರ್ ಓದುತ್ತಲೇ ಇದ್ದಾರೆ. ಸ್ವಾಗತ ಭಾಷಣ ಆಯಿತು, ಹಾರ ಹಾಕಿದ್ದಾಯಿತು, ಅವರು ಮಾತ್ರ ಪುಟ ತಿರುಗಿಸುತ್ತಲೇ ಇದ್ದಾರೆ. ದಯವಿಟ್ಟು ಅವರನ್ನು ಯಾರೂ ಎಬ್ಬಿಸಬೇಡಿ. ನಾನು ಇವತ್ತು ಆಡಬೇಕಾಗಿರುವ ಮಾತೆಲ್ಲ ಅವರ ಬಗ್ಗೆಯೇ.

ಗ್ರಂಥಪಾಲಕರ ದಿನ ಅಂದರೆ ಪುಸ್ತಕದ ಮಹತ್ವದ ಬಗ್ಗೆ ಮಾತಾಡುವುದು ವಾಡಿಕೆ. ನಾನು ಪುಸ್ತಕದ ವಿಷಯಕ್ಕೆ ಜಾಸ್ತಿ ಹೋಗುವುದಿಲ್ಲ. ಕುರ್ಚಿಯ ವಿಷಯ ಮಾತಾಡುತ್ತೇನೆ.

ನಾನು ಕೆಲಸ ಹುಡುಕಿಕೊಂಡು ಬೆಂಗಳೂರಿಗೆ ಬಂದಾಗ ಇದ್ದದ್ದು ಒಂದು ರೂಮಿನಲ್ಲಿ. ಇಬ್ಬರಿಗೆ ಅಂತ ಬಾಡಿಗೆ ಮಾತಾಡಿದ್ದು, ಇದ್ದದ್ದು ಐದು ಜನ. ಅದರಲ್ಲಿ ಇಬ್ಬರಿಗೆ ರಾತ್ರಿ ಪಾಳಿ. ಅವರು ಬೆಳಗ್ಗೆ ಬಂದು ಮಲಗಿದರೆ ಉಳಿದವರು ಹೊರಗೆ ಹೋಗಲೇಬೇಕು. ಕೆಲಸ ಸಿಗುವ ತನಕ, ಆಮೇಲೆ ಭಾನುವಾರಗಳಲ್ಲಿ, ನನಗೆ ಇದ್ದ ದೊಡ್ಡ ಸಮಸ್ಯೆ ಊಟದ್ದಲ್ಲ. ಬೆಳಗ್ಗೆ ಒಂಬತ್ತರಿಂದ ಸಂಜೆ ಆರರ ತನಕ ಎಲ್ಲಿ ಕೂರುವುದು ಅನ್ನುವುದು.

ಈ ಊರಿನಲ್ಲಿ ಕೂರುವುದು ಎಷ್ಟು ಕಷ್ಟ ಅಂತ ಗೊತ್ತಾಗಬೇಕಾದರೆ ಕೈಯಲ್ಲಿ ದುಡ್ಡಿಲ್ಲದೆ ಒಂದು ದಿನ ಓಡಾಡಬೇಕು. ನಮ್ಮ ಹೆಮ್ಮೆಯ ದರ್ಶಿನಿಗಳನ್ನೇ ನೋಡಿ. 1980ರ ದಶಕದಲ್ಲಿ ಶುರುವಾದವು. ರುಚಿ, ವೇಗ, ಕಡಿಮೆ ಬೆಲೆ ಎಲ್ಲ ಸರಿ. ಆದರೆ ನಿಂತೇ ತಿನ್ನಬೇಕು, ನಿಂತೇ ಕುಡಿಯಬೇಕು. ಕೂರುವ ಹೋಟೆಲಿಗೆ ಹೋದರೆ ಕಾಫಿ ಲೋಟ ಕೆಳಗಿಟ್ಟ ಕೂಡಲೇ ಟೇಬಲ್ ಒರೆಸುವ ಹುಡುಗ ಬಂದು ನಮ್ಮ ಮೊಣಕೈ ತನಕ ಒರೆಸುತ್ತಾನೆ. ಅದು ಎದ್ದೇಳಿ ಅನ್ನುವ ಸೂಚನೆ. ಬಡಾವಣೆಯ ಪಾರ್ಕಿಗೆ ಮಧ್ಯಾಹ್ನ ಬೀಗ ಹಾಕುವ ಪದ್ಧತಿ ಬಹಳ ವರ್ಷ ಇತ್ತು. ಬಸ್ ಸ್ಟಾಪಿನಲ್ಲಿ ಎರಡು ಬಸ್ ಬಿಟ್ಟರೆ ಪಕ್ಕದವರೇ "ಎಲ್ಲಿಗೆ ಹೋಗ್ಬೇಕು?" ಅಂತ ಕೇಳುತ್ತಾರೆ. ಪ್ರೀತಿಯಿಂದಲೇ ಕೇಳುತ್ತಾರೆ, ಆದರೆ ಉತ್ತರ ಕೊಡಬೇಕಲ್ಲ.

ಒಂದು ಭಾನುವಾರ ಕಬ್ಬನ್ ಪಾರ್ಕಿನಲ್ಲಿ ಇದ್ದಾಗ ಮಳೆ ಬಂತು. ಓಡಿ ಹೋಗಿ ಒಂದು ಕೆಂಪು ಕಟ್ಟಡದ ಬಾಗಿಲಲ್ಲಿ ನಿಂತೆ. ಹೈಕೋರ್ಟಿನದೇ ಒಂದು ಭಾಗ ಅಂದುಕೊಂಡಿದ್ದೆ, ಅದೂ ಕೆಂಪು, ಇದೂ ಕೆಂಪು. ಬಾಗಿಲಲ್ಲಿ ಒಬ್ಬರು ಇದ್ದರು. ನಾನು ಮನಸ್ಸಿನಲ್ಲೇ ಉತ್ತರ ಸಿದ್ಧ ಮಾಡಿಕೊಂಡೆ. ಇಂಥವರನ್ನು ನೋಡಬೇಕಿತ್ತು, ಹೀಗೆ ಮಳೆ ಬಂತು ಅಂತ ಏನೇನೋ. ಅವರು ನನ್ನ ಮುಖವನ್ನೂ ನೋಡಲಿಲ್ಲ. ಕಾಲು ನೋಡಿ, "ಚಪ್ಪಲಿ ಒರೆಸ್ಕೊಂಡು ಬನ್ನಿ" ಅಂದರು. ಅಷ್ಟೇ. ಒಳಗೆ ಹೋಗಿ ಒಂದು ಉದ್ದ ಮೇಜಿನ ತುದಿಯಲ್ಲಿ ಕೂತೆ. ಮಳೆ ನಿಂತಿತು. ನಾನು ಏಳಲಿಲ್ಲ. ನಾಲ್ಕು ಗಂಟೆ ಕೂತಿದ್ದೆ. ಬಂದು ಆರು ತಿಂಗಳಾಗಿತ್ತು. ಯಾರಿಗೂ ಏನೂ ಹೇಳದೆ, ಏನೂ ಕೊಳ್ಳದೆ ಅಷ್ಟು ಹೊತ್ತು ಒಂದೇ ಕಡೆ ಕೂತದ್ದು ಅದೇ ಮೊದಲು.

ಅದು ರಾಜ್ಯ ಕೇಂದ್ರ ಗ್ರಂಥಾಲಯ, ಶೇಷಾದ್ರಿ ಅಯ್ಯರ್ ಸ್ಮಾರಕ ಭವನ. ಶೇಷಾದ್ರಿ ಅಯ್ಯರ್ ಅವರು 1883ರಿಂದ 1901ರ ತನಕ ಮೈಸೂರಿನ ದಿವಾನರಾಗಿದ್ದವರು. ಶಿವನಸಮುದ್ರದ ವಿದ್ಯುತ್ ಯೋಜನೆಗೆ ಬುನಾದಿ ಹಾಕಿದವರು. ಅವರ ಪ್ರತಿಮೆ ಕಟ್ಟಡದ ಮುಂದೆ ಇದೆ, 1913ರಲ್ಲಿ ವೈಸ್‌ರಾಯ್ ಹಾರ್ಡಿಂಜ್ ಅನಾವರಣ ಮಾಡಿದ್ದು. ಭವನದೊಳಗೆ ಸಾರ್ವಜನಿಕ ಗ್ರಂಥಾಲಯ ಬಂದದ್ದು ವಿಶ್ವೇಶ್ವರಯ್ಯನವರು ದಿವಾನರಾಗಿದ್ದ ಕಾಲದಲ್ಲಿ. ನನಗೆ ಈ ವಿಷಯ ಬಹಳ ಇಷ್ಟ. ಒಬ್ಬ ದೊಡ್ಡ ಮನುಷ್ಯರ ನೆನಪಿಗೆ ಪ್ರತಿಮೆ ಒಂದೇ ನಿಲ್ಲಿಸಿ ಸುಮ್ಮನಾಗಿದ್ದರೆ ನನ್ನ ಆ ಭಾನುವಾರ ಏನಾಗುತ್ತಿತ್ತು? ಪ್ರತಿಮೆಯ ನೆರಳಿಗೆ ಒಬ್ಬರೂ ನಿಲ್ಲುವುದು ಕಷ್ಟ. ಕಟ್ಟಡದ ನೆರಳಲ್ಲಿ ನೂರು ವರ್ಷದಿಂದ ಜನ ಕೂರುತ್ತಿದ್ದಾರೆ.

ಊರ ಕಡೆ ಇದಕ್ಕೆಲ್ಲ ಅರಳಿಕಟ್ಟೆ ಇತ್ತು, ಮನೆ ಮುಂದೆ ಜಗಲಿ ಇತ್ತು, ಸಿಟಿಯಲ್ಲಿ ಅದೆಲ್ಲ ಹೋಯಿತು ಅಂತ ಹೇಳುವವರಿದ್ದಾರೆ. ನಾನು ಆ ಗುಂಪಿನವನಲ್ಲ. ಅರಳಿಕಟ್ಟೆಯ ಮೇಲೆ ಎಲ್ಲರೂ ಕೂರುತ್ತಿದ್ದರಾ? ನಮ್ಮೂರಿನ ಕಟ್ಟೆಯ ಮೇಲೆ ಹೆಂಗಸರು ಕೂತದ್ದನ್ನು ನಾನು ನೋಡಿಲ್ಲ. ಕೆಲವು ಕೇರಿಯವರು ಕಟ್ಟೆಯಿಂದ ಒಂದಿಷ್ಟು ದೂರ ನೆಲದ ಮೇಲೆ ಕುಕ್ಕರಗಾಲಲ್ಲಿ ಕೂರುತ್ತಿದ್ದರು. ಯಾರೂ ಅವರಿಗೆ ಕೂರಬೇಡಿ ಅಂತ ಹೇಳಿದ್ದು ನಾನು ಕೇಳಿಲ್ಲ. ಹೇಳುವ ಅಗತ್ಯವೇ ಇರಲಿಲ್ಲ ಅನ್ನುವುದು ಆಮೇಲೆ ಅರ್ಥವಾಯಿತು. ಲೈಬ್ರರಿಯ ಉದ್ದ ಮೇಜು ಅದಕ್ಕಿಂತ ಬೇರೆ. ಅಲ್ಲಿ ಪಕ್ಕದಲ್ಲಿ ಯಾರು ಕೂರಬೇಕು ಅಂತ ಆರಿಸಿಕೊಳ್ಳಲು ಬರುವುದಿಲ್ಲ. ಖಾಲಿ ಇದ್ದ ಕುರ್ಚಿಗೆ ಯಾರು ಬಂದರೋ ಅವರೇ ಪಕ್ಕದವರು.

ಈಗ ಹೊರಗೆ ಮೆಟ್ಟಿಲ ಮೇಲೆ ಇರುವ ಹುಡುಗರ ಕಡೆ ಬರೋಣ. ಯಾವ ಬಡಾವಣೆಯ ಲೈಬ್ರರಿಗೆ ಹೋದರೂ ಗ್ರಂಥಪಾಲಕರದ್ದು ಒಂದು ದೂರು ಇರುತ್ತದೆ. "ಇವರೆಲ್ಲ ಕಾಂಪಿಟಿಟಿವ್ ಎಕ್ಸಾಮಿಗೆ ಓದೋರು ಸಾರ್. ಅವರದೇ ಪುಸ್ತಕ ತರ್ತಾರೆ, ನಮ್ಮ ಕಪಾಟು ಮುಟ್ಟೋದೇ ಇಲ್ಲ. ಬೆಳಗ್ಗೆ ಬಾಗಿಲು ತೆಗೆಯೋ ಹೊತ್ತಿಗೆ ಬಂದು ಕರ್ಚೀಫ್ ಹಾಕ್ತಾರೆ." ನಿಜವೇ. ಬಸ್ಸಿನ ಕಿಟಕಿಯಿಂದ ಸೀಟಿಗೆ ಟವೆಲ್ ಹಾಕುವ ವಿದ್ಯೆ ಇಲ್ಲೂ ಬಂದಿದೆ. ನೀರಿನ ಬಾಟಲಿ, ಹಳೆ ನೋಟ್‌ಬುಕ್, ಒಂದು ಕಡೆಯಂತೂ ಒಂದೇ ಒಂದು ಚಪ್ಪಲಿ ಇಟ್ಟು ಹೋಗಿದ್ದನ್ನು ಕಂಡಿದ್ದೇನೆ. ಇನ್ನೊಂದು ಚಪ್ಪಲಿಯಲ್ಲಿ ಹೇಗೆ ಟೀ ಕುಡಿಯಲು ಹೋದನೋ!

ಆದರೆ ದೂರಿನ ಇನ್ನೊಂದು ಮುಖ ನೋಡಿ. ವಿಜಯನಗರ, ಚಂದ್ರಾ ಲೇಔಟ್ ಕಡೆ ಹೋದರೆ ತಿಂಗಳ ಬಾಡಿಗೆಗೆ ಕುರ್ಚಿ ಕೊಡುವ ಸ್ಟಡಿ ಹಾಲ್‌ಗಳಿವೆ. ಅಲ್ಲಿ ಪುಸ್ತಕ ಕೊಡುವುದಿಲ್ಲ. ಒಂದು ಕುರ್ಚಿ, ಒಂದು ಫ್ಯಾನು, ಒಂದು ಪ್ಲಗ್ ಪಾಯಿಂಟು, ಸುತ್ತ ಸದ್ದಿಲ್ಲ, ಅಷ್ಟೇ ಅವರ ವ್ಯಾಪಾರ. ಅದಕ್ಕೆ ಗಿರಾಕಿ ಇದ್ದಾರೆ ಅಂದರೆ ಈ ಊರಿನಲ್ಲಿ ಸುಮ್ಮನೆ ಕೂರುವ ಜಾಗಕ್ಕೆ ಮಾರುಕಟ್ಟೆ ಬೆಲೆ ಇದೆ ಅಂತ ಅರ್ಥ. ಆ ಬೆಲೆ ಕೊಡಲಾಗದವರು ಇಲ್ಲಿಗೆ ಬರುತ್ತಾರೆ. ಬೀದಿ ದೀಪದ ಕೆಳಗೆ ಓದಿ ದೊಡ್ಡವರಾದವರ ಕಥೆ ನಮ್ಮಲ್ಲಿ ಎಷ್ಟೊಂದಿವೆ! ಶಾಲೆಯಲ್ಲಿ ಮಕ್ಕಳಿಗೆ ಹೇಳಿದ್ದೇ ಹೇಳಿದ್ದು. ಇವರು ಅದನ್ನೇ ಮಾಡುತ್ತಿದ್ದಾರೆ. ಆದರೂ ನಮಗೆ ಇವರು ನಮ್ಮ ಪುಸ್ತಕ ಮುಟ್ಟಲಿಲ್ಲ ಅಂತ ಬೇಜಾರು.

ಇನ್ನು ದುಡ್ಡಿನ ಮಾತು. ಈ ಕುರ್ಚಿ ಪುಕ್ಕಟೆ ಅಂತ ತಿಳಿದವರಿದ್ದಾರೆ. ಅಲ್ಲ. ಮನೆಗೆ ಹೋದ ಮೇಲೆ ನಿಮ್ಮ ಆಸ್ತಿ ತೆರಿಗೆಯ ಲೆಕ್ಕ ತೆಗೆದು ನೋಡಿ. ತೆರಿಗೆಯ ಮೇಲೆ ಕರಗಳ (ಸೆಸ್) ಒಂದು ಕಂತೆ ಇರುತ್ತದೆ. ಆರೋಗ್ಯಕ್ಕೆ 15 ಪರ್ಸೆಂಟ್, ಗ್ರಂಥಾಲಯಕ್ಕೆ 6 ಪರ್ಸೆಂಟ್, ಭಿಕ್ಷುಕರ ಪುನರ್ವಸತಿಗೆ 3 ಪರ್ಸೆಂಟ್. (ರೋಗಿ, ಓದುಗ, ಭಿಕ್ಷುಕ, ಮೂವರನ್ನೂ ಒಂದೇ ಸಾಲಿನಲ್ಲಿ ನಿಲ್ಲಿಸಿದ್ದಾರೆ. ಯಾರ ತಲೆ ಓಡಿತೋ, ಸರಿಯಾಗೇ ಓಡಿದೆ.) ತೆರಿಗೆ 5000 ರೂಪಾಯಿ ಇದ್ದರೆ ಅದರ ಮೇಲೆ 300 ರೂಪಾಯಿ ಲೈಬ್ರರಿಗೆ ಅಂತಲೇ ಕೊಡುತ್ತೀರಿ. ಬಾಡಿಗೆ ಮನೆಯವರು ನಮಗೇನು ಅನ್ನಬೇಡಿ. ಮಾಲೀಕರು ಬಾಡಿಗೆ ಲೆಕ್ಕ ಹಾಕುವಾಗ ಇದನ್ನು ಮರೆತಿರುತ್ತಾರೆ ಅಂತ ನನಗಂತೂ ಅನ್ನಿಸುವುದಿಲ್ಲ. ಈ ಏರ್ಪಾಡಿನ ಬೇರು 1965ರ ಸಾರ್ವಜನಿಕ ಗ್ರಂಥಾಲಯ ಕಾಯ್ದೆಯಲ್ಲಿದೆ. ಆಗ ನಮ್ಮ ರಾಜ್ಯಕ್ಕೆ ಇನ್ನೂ ಮೈಸೂರು ಅಂತಲೇ ಹೆಸರು. ವಸೂಲಾದ ಕರ ಗ್ರಂಥಾಲಯ ಇಲಾಖೆಗೆ ಸರಿಯಾಗಿ ತಲುಪುವುದಿಲ್ಲ, ಬಾಕಿ ಬೆಳೆಯುತ್ತಲೇ ಇರುತ್ತದೆ ಅನ್ನುವುದು ಪೇಪರಿನಲ್ಲಿ ಆಗಾಗ ಬರುವ ಸುದ್ದಿ. ಅದನ್ನೂ ಈ ಕಿಟಕಿ ಹತ್ತಿರದ ಹಿರಿಯರು ಇಲ್ಲೇ ಕೂತು ಓದಿರುತ್ತಾರೆ.

ಆ ಕಾಯ್ದೆ ಬಂದಾಗ ಎಸ್. ಆರ್. ರಂಗನಾಥನ್ ಅವರು ಇದೇ ಬೆಂಗಳೂರಿನಲ್ಲಿದ್ದರು. ಇವತ್ತಿನ ದಿನ ಆಚರಿಸುವುದೇ ಅವರ ಹುಟ್ಟುಹಬ್ಬಕ್ಕೆ. ಅವರು ಮೂಲದಲ್ಲಿ ಗಣಿತದ ಮೇಷ್ಟ್ರು. 1924ರಲ್ಲಿ ಮದ್ರಾಸ್ ವಿಶ್ವವಿದ್ಯಾಲಯದ ಗ್ರಂಥಪಾಲಕರಾದರು. ಶುರುವಿನಲ್ಲಿ ಅಲ್ಲಿ ಕೂತು ಕೂತು ಎಷ್ಟು ಬೇಸರವಾಯಿತು ಅಂದರೆ ಹಳೇ ಕಾಲೇಜಿಗೆ ಹೋಗಿ, ನನಗೆ ಪಾಠ ಮಾಡುವ ಕೆಲಸವನ್ನೇ ವಾಪಸ್ ಕೊಡಿ ಅಂತ ಕೇಳಿದರು. ಆಮೇಲೆ ಇಂಗ್ಲೆಂಡಿಗೆ ಹೋದರು. ಅಲ್ಲಿನ ಲೈಬ್ರರಿಗಳಿಗೆ ಮಕ್ಕಳು, ಹೆಂಗಸರು, ಕೆಲಸಗಾರರು ಎಲ್ಲ ಬರುವುದನ್ನು ನೋಡಿದರು. ವಾಪಸ್ ಬಂದವರು ಬೇರೆಯೇ ಮನುಷ್ಯ. 1931ರಲ್ಲಿ ಗ್ರಂಥಾಲಯಗಳಿಗೆ ಐದು ಸೂತ್ರ ಕೊಟ್ಟರು. ಅದರಲ್ಲಿ ಮೊದಲನೆಯದು, ಪುಸ್ತಕ ಇರುವುದು ಬಳಸಲಿಕ್ಕೆ. ಕೇಳಿದರೆ ಇದೇನು ದೊಡ್ಡ ಮಾತು ಅನ್ನಿಸುತ್ತದೆ. ಆದರೆ ನಿಮ್ಮ ಹಿಂದೆ ಇರುವ ಗಾಜಿನ ಕಪಾಟು ಒಮ್ಮೆ ತಿರುಗಿ ನೋಡಿ. ಬೀಗ ಕಾಣಿಸುತ್ತಿದೆಯಾ?

ಆ ಬೀಗಕ್ಕೆ ಗ್ರಂಥಪಾಲಕರನ್ನು ಬೈಯಬೇಡಿ. ಒಂದು ಪುಸ್ತಕ ಕಳೆದರೆ ಉತ್ತರ ಕೊಡಬೇಕಾದವರು ಅವರು. ಆಡಿಟ್ ಬಂದಾಗ ಲೆಕ್ಕ ತಾಳೆಯಾಗಬೇಕು. ನಿವೃತ್ತಿ ಹತ್ತಿರ ಬಂದವರು ಕಳೆದ ಪುಸ್ತಕದ ಪಟ್ಟಿ ಹಿಡಿದು ರಾತ್ರಿ ನಿದ್ದೆ ಕೆಡಿಸಿಕೊಂಡಿದ್ದು ನನಗೆ ಗೊತ್ತು. ಹೀಗಾದಾಗ ಯಾರಾದರೂ ಮಾಡುವುದು ಒಂದೇ, ಬೀಗ ಹಾಕುವುದು. ಆದರೆ ಒಂದು ವಿಷಯ ಬಹಳ ಜನಕ್ಕೆ ಗೊತ್ತಿಲ್ಲ. ಕೇಂದ್ರ ಸರ್ಕಾರದ ಹಣಕಾಸು ನಿಯಮಗಳಲ್ಲಿ ಇದಕ್ಕೆ ಒಂದು ಸಾಲು ಇದೆ. ಒಂದು ವರ್ಷದಲ್ಲಿ ಓದಲು ಕೊಟ್ಟ ಪ್ರತಿ 1000 ಪುಸ್ತಕಕ್ಕೆ 5 ಕಳೆದರೆ ಅದನ್ನು ಸಹಜ ಅಂತ ಒಪ್ಪಿಕೊಳ್ಳಬಹುದು. ಮೋಸ, ನಿರ್ಲಕ್ಷ್ಯ ಇರಬಾರದು, ಅಷ್ಟೇ. ಆ ನಿಯಮ ನಮ್ಮ ಬಡಾವಣೆಯ ಲೈಬ್ರರಿಗೆ ನೇರವಾಗಿ ಅನ್ವಯಿಸುವುದಿಲ್ಲ, ಅದು ಕೇಂದ್ರದ ಸಂಸ್ಥೆಗಳಿಗೆ. ಆದರೂ ಅದರೊಳಗಿರುವ ತಿಳಿವಳಿಕೆ ನೋಡಿ. ಬಳಸಿದರೆ ಒಂದಿಷ್ಟು ಕಳೆಯುತ್ತದೆ. ಒಂದೂ ಕಳೆಯಲಿಲ್ಲ ಅಂದರೆ ಯಾರೂ ಬಳಸಲಿಲ್ಲ ಅಂತ. ಅನ್ನ ಬಡಿಸುವಾಗ ನಾಲ್ಕು ಅಗುಳು ಚೆಲ್ಲುವುದಿಲ್ವಾ?

ರಂಗನಾಥನ್ ಅವರ ನಾಲ್ಕನೇ ಸೂತ್ರದ ಜೊತೆ ನನಗೆ ಸಣ್ಣ ತಕರಾರು ಇದೆ. ಓದುಗರ ಸಮಯ ಉಳಿಸಿ ಅನ್ನುತ್ತದೆ ಅದು. ಪುಸ್ತಕ ಹುಡುಕುವವರ ಮಟ್ಟಿಗೆ ಸರಿ, ಅದಕ್ಕೆ ನಾನು ಎದುರಾಡುವುದಿಲ್ಲ. ಆದರೆ ನಾನು ಲೈಬ್ರರಿಗೆ ಹೋದದ್ದು ಸಮಯ ಉಳಿಸಲು ಅಲ್ಲ, ಕಳೆಯಲು. ನನ್ನ ಹತ್ತಿರ ಇದ್ದ ಆಸ್ತಿ ಅದೊಂದೇ. ಹೀಗೆ ಕಾಲ ಕಳೆಯುತ್ತಾ ಮಳೆನೀರು ಕೊಯ್ಲಿನ ಬಗ್ಗೆ ಓದಿದೆ, ಜೇನು ಸಾಕುವ ಬಗ್ಗೆ ಓದಿದೆ, ಹಳೇ ವಾರಪತ್ರಿಕೆಗಳ ಬೈಂಡ್ ತೆಗೆದು ಧಾರಾವಾಹಿಯ ಒಂಬತ್ತನೇ ಕಂತು ಓದಿದೆ. ಹತ್ತನೇ ಕಂತಿನ ಬೈಂಡ್ ಇವತ್ತಿಗೂ ಸಿಕ್ಕಿಲ್ಲ. ಇದರಿಂದ ಏನು ಉಪಯೋಗವಾಯಿತು ಅಂತ ಕೇಳಿದರೆ ಹೇಳಲು ಬರುವುದಿಲ್ಲ. ಬೆಂಗಳೂರಿನಲ್ಲಿ ಉಪಯೋಗ ಕೇಳದೆ ನನ್ನನ್ನು ಇರಗೊಟ್ಟ ಜಾಗ ಅದು, ಅಷ್ಟು ಹೇಳಬಲ್ಲೆ.

ಇಷ್ಟು ಹೊಗಳಿದ ಮೇಲೆ ತೆಗಳಬೇಕಾದದ್ದನ್ನೂ ಹೇಳಬೇಕು. ಯಾರೂ ಕೇಳದ ಜಾಗ ಅಂದೆ. ಯಾರನ್ನೂ ಅಂತ ಹೇಳಲಿಲ್ಲ.

ಒಮ್ಮೆ ನನ್ನ ಅಕ್ಕ ಊರಿಂದ ಬಂದಿದ್ದರು. ನನಗೆ ಆಫೀಸಿನಲ್ಲಿ ಅರ್ಧ ದಿನ ಕೆಲಸ. ಹತ್ತಿರದ ಒಂದು ಲೈಬ್ರರಿಯಲ್ಲಿ (ಯಾವುದು ಅಂತ ಬೇಡ) ಕೂರಿಸಿ, "ಒಂದು ಗಂಟೆಗೆ ಬರ್ತೀನಿ ಅಕ್ಕ, ಆರಾಮಾಗಿ ಓದ್ತಾ ಇರಿ" ಅಂತ ಹೇಳಿ ಹೋದೆ. ವಾಪಸ್ ಬಂದರೆ ಅಕ್ಕ ಬಿಸಿಲಲ್ಲಿ ಗೇಟಿನ ಹತ್ತಿರ ನಿಂತಿದ್ದಾರೆ. ಯಾಕಕ್ಕಾ ಅಂದೆ. "ಎಲ್ಲಾರೂ ಪೇಪರ್ ಮೇಲಿಂದ ಕಣ್ಣು ಎತ್ತಿ ಎತ್ತಿ ನೋಡ್ತಾರೆ ಕಣೋ. ಹೆಂಗಸರ ಮೇಜು ಅಂತ ಒಂದಿತ್ತು, ಅದರ ಮೇಲೆ ಕೆಟ್ಟ ಫ್ಯಾನ್ ಇಟ್ಟಿದ್ದರು. ಬಾತ್‌ರೂಮಿಗೆ ಬೀಗ. ಕೀ ಯಾರ ಹತ್ರ ಅಂದ್ರೆ ಆ ಗಂಡಸಿನ ಹತ್ರ ಕೇಳ್ಬೇಕಂತೆ. ನಾನ್ಯಾಕೆ ಹೋಗಿ ಕೇಳ್ಲಿ?"

ನಾನು ಎಷ್ಟೋ ವರ್ಷ ಆ ಥರದ ಕುರ್ಚಿಗಳಲ್ಲಿ ಕೂತಿದ್ದೆ. ಬಾತ್‌ರೂಮಿನ ಕೀ ಬಗ್ಗೆ ಒಂದು ದಿನವೂ ಯೋಚಿಸಿರಲಿಲ್ಲ. ನನಗೆ ಗೇಟಿನಾಚೆ ಗೋಡೆ ಇತ್ತಲ್ಲ, ನಾಚಿಕೆ ಬಿಟ್ಟು ಹೇಳಬೇಕೆಂದರೆ. ಅವತ್ತಿನಿಂದ ಯಾವ ಲೈಬ್ರರಿಗೆ ಹೋದರೂ ಮೊದಲು ನೋಡುವುದು ಪುಸ್ತಕದ ಕಪಾಟನ್ನಲ್ಲ, ಹೆಂಗಸರ ಶೌಚಾಲಯದ ಬಾಗಿಲನ್ನು. ಅದು ತೆರೆದಿದ್ದರೆ ಓದುವ ಕೋಣೆಯಲ್ಲಿ ಹೆಂಗಸರು ಇರುತ್ತಾರೆ. ಬೀಗ ಇದ್ದರೆ ಇರುವುದಿಲ್ಲ. ಇಲ್ಲಿ ತೆರೆದಿದೆ, ಬರುವಾಗ ನೋಡಿದೆ. ಈ ಸಭೆಯಲ್ಲಿ ಅರ್ಧದಷ್ಟು ಹೆಂಗಸರು ಇರುವುದಕ್ಕೆ ನನ್ನ ಭಾಷಣಕ್ಕಿಂತ ಅದೇ ಕಾರಣ ಇದ್ದರೂ ಇರಬಹುದು.

ಇನ್ನು ಮ್ಯೂಸಿಯಂ. ಕಬ್ಬನ್ ಪಾರ್ಕಿನ ಲೈಬ್ರರಿಯಿಂದ ಕಸ್ತೂರಬಾ ರಸ್ತೆಗೆ ನಡೆದು ಹೋಗುವಷ್ಟು ದೂರ. ಅಲ್ಲಿ ಸಾಲಾಗಿ ಸರ್ಕಾರಿ ವಸ್ತುಸಂಗ್ರಹಾಲಯ, ಪಕ್ಕದಲ್ಲಿ ವೆಂಕಟಪ್ಪ ಚಿತ್ರಶಾಲೆ, ಆಮೇಲೆ ವಿಶ್ವೇಶ್ವರಯ್ಯ ಮ್ಯೂಸಿಯಂ. ಇಷ್ಟು ಹತ್ತಿರ ಇದ್ದರೂ ಲೈಬ್ರರಿಯಲ್ಲಿ ದಿನವಿಡೀ ಕೂರುತ್ತಿದ್ದ ನಾನು ಮ್ಯೂಸಿಯಂ ಒಳಗೆ ಹೋಗಲು ಎರಡು ವರ್ಷ ತಗೊಂಡೆ. ಟಿಕೆಟಿನ ದುಡ್ಡಿಗಾಗಿ ಅಲ್ಲ, ಅದು ಆಗ ಟೀ ಕಾಸಿನಷ್ಟೇ ಇತ್ತು. ಒಳಗೆ ಹೋದರೆ ನನಗೇನು ಅರ್ಥವಾಗುತ್ತದೆ ಅನ್ನುವ ಅಳುಕು. ಅಲ್ಲಿ ಬಾಗಿಲಲ್ಲಿರುವವರು ಏನೂ ಕೇಳುವುದಿಲ್ಲ, ನಿಜ. ಆದರೆ ಗಾಜಿನ ಪೆಟ್ಟಿಗೆಯೇ ಕೇಳುತ್ತದೆ, ನಿನಗೆ ಇದೆಲ್ಲ ಗೊತ್ತಾ ಅಂತ.

ಈ ಸರ್ಕಾರಿ ಮ್ಯೂಸಿಯಂ ಕಟ್ಟಿದವರಿಗೆ ಜನರನ್ನು ಹೀಗೆ ಅಳುಕಿಸುವ ಆಸೆ ಇರಲಿಲ್ಲ ಅನ್ನಿಸುತ್ತದೆ. 1860ರ ದಶಕದಲ್ಲಿ ಇದನ್ನು ಶುರು ಮಾಡಿಸಿದ್ದು ಎಡ್ವರ್ಡ್ ಬಾಲ್ಫೋರ್ ಅನ್ನುವ ಸೇನೆಯ ವೈದ್ಯರು. ಮೊದಲು ಇದ್ದದ್ದು ದಂಡಿನ (ಕಂಟೋನ್ಮೆಂಟ್) ಕಡೆ, ಅದಕ್ಕೇ ಆ ರಸ್ತೆಗೆ ಇವತ್ತಿಗೂ ಮ್ಯೂಸಿಯಂ ರೋಡ್ ಅಂತಲೇ ಹೆಸರು. ಕಸ್ತೂರಬಾ ರಸ್ತೆಯ ಕೆಂಪು ಕಟ್ಟಡ 1877ರದ್ದು. ಇದಕ್ಕೂ ಮೊದಲು, 1851ರಲ್ಲಿ, ಅವರು ಮದ್ರಾಸಿನ ಮ್ಯೂಸಿಯಂ ಕಟ್ಟಿದ್ದರು. ಅಲ್ಲಿ ಪ್ರಾಣಿಗಳನ್ನೂ ಇಟ್ಟರು, ಜನ ಕಿಕ್ಕಿರಿದರು. ಮದ್ರಾಸಿನ ಜನ ಇಟ್ಟ ಹೆಸರು ನೋಡಿ. ಪ್ರಾಣಿಗಳಿದ್ದ ಜಾಗ ಉಯಿರ್ ಕಾಲೇಜ್, ಅಂದರೆ ಜೀವ ಇರುವ ಕಾಲೇಜು. ಮ್ಯೂಸಿಯಂ ಸೆತ್ತ ಕಾಲೇಜ್, ಸತ್ತ ಕಾಲೇಜು. ತಮಾಷೆಗೆ ಇಟ್ಟದ್ದೇ ಇರಬಹುದು. ಆದರೆ ಎರಡನ್ನೂ ಕಾಲೇಜು ಅಂದಿದ್ದಾರೆ. ಓದು ಬಾರದವರೂ ನಡೆದುಕೊಂಡು ಹೋಗಿ ನೋಡಿ ಕಲಿಯಬಹುದಾದ ಕಾಲೇಜು.

ಬೆಂಗಳೂರಿನ ಮ್ಯೂಸಿಯಂನಲ್ಲಿ ನನ್ನ ಅಳುಕು ಬಿಡಿಸಿದ್ದು ಒಂದು ನಾಯಿ.

ಡಿಸೆಂಬರ್ ತಿಂಗಳು, ಶಾಲೆಗಳ ಪ್ರವಾಸದ ಕಾಲ. ಯಾವುದೋ ಜಿಲ್ಲೆಯಿಂದ ರಾತ್ರಿಯಿಡೀ ಬಸ್ಸಿನಲ್ಲಿ ಬಂದ ಮಕ್ಕಳು. ಒಬ್ಬರ ಅಂಗಿಯ ತುದಿಯನ್ನು ಹಿಂದಿನವರು ಹಿಡಿದುಕೊಂಡು ಸಾಲಾಗಿ ಹೋಗುತ್ತಿದ್ದರು. ಮೇಷ್ಟ್ರು "ಲೈನ್, ಲೈನ್" ಅಂತ ಕೂಗುತ್ತಿದ್ದರು. ಶಿಲ್ಪ, ನಾಣ್ಯ, ಕತ್ತಿ, ಎಲ್ಲದರ ಮುಂದೆಯೂ ಒಂದೇ ವೇಗ. ಒಂದು ದೊಡ್ಡ ಕಲ್ಲಿನ ಹತ್ತಿರ ಸಾಲು ಕಡಿಯಿತು. ಒಬ್ಬ ಹುಡುಗ ನಿಂತುಬಿಟ್ಟಿದ್ದ. "ಸಾರ್, ನಾಯಿ" ಅಂದ. ಹಿಂದಿದ್ದವರೆಲ್ಲ ಅವನಿಗೆ ಡಿಕ್ಕಿ ಹೊಡೆದರು. ನಾನೂ ಹೋಗಿ ನೋಡಿದೆ. ಹೌದು, ಕಲ್ಲಿನ ಮೇಲೆ ಬರಹದ ಜೊತೆಗೆ ನಾಯಿ ಮತ್ತು ಕಾಡುಹಂದಿ, ಎದುರಾಬದುರು.

ಅದು ಆತಕೂರು ಶಾಸನ. ಮಂಡ್ಯ ಜಿಲ್ಲೆ ಮದ್ದೂರು ತಾಲ್ಲೂಕಿನ ಆತಕೂರಿನದು, ಕ್ರಿ.ಶ. 949–50ರ ಹೊತ್ತಿನದು. ಅದರಲ್ಲಿ ದೊಡ್ಡ ರಾಜಕೀಯ ಇದೆ. ರಾಷ್ಟ್ರಕೂಟರ ಮೂರನೇ ಕೃಷ್ಣ ತಕ್ಕೋಲದಲ್ಲಿ ಚೋಳರ ಮೇಲೆ ಯುದ್ಧ ಮಾಡಿದ್ದು, ಗಂಗರ ಬೂತುಗ ಚೋಳ ರಾಜಾದಿತ್ಯನನ್ನು ಕೊಂದಿದ್ದು, ಎಲ್ಲ ಇದೆ. ಆ ಯುದ್ಧದಲ್ಲಿ ಚೆನ್ನಾಗಿ ಕಾದಿದ ಮಣಲೆಯರ ಅನ್ನುವವನಿಗೆ ಬೂತುಗ, ಏನು ಬೇಕೋ ಕೇಳು ಅನ್ನುತ್ತಾನೆ. ಅವನು ಊರು ಕೇಳಲಿಲ್ಲ, ಚಿನ್ನ ಕೇಳಲಿಲ್ಲ. ಅರಸನ ಕಾಳಿ ಅನ್ನುವ ಬೇಟೆನಾಯಿಯನ್ನು ಕೇಳಿದ. ಆಮೇಲೆ ಆ ಕಾಳಿಯನ್ನು ಒಂದು ದೊಡ್ಡ ಹಂದಿಯ ಮೇಲೆ ಬಿಟ್ಟಾಗ ಎರಡೂ ಕಾದಾಡಿ ಒಟ್ಟಿಗೆ ಸತ್ತವು. ಮಣಲೆಯರ ನಾಯಿಗೆ ಕಲ್ಲು ನಿಲ್ಲಿಸಿದ, ಭೂಮಿ ಬಿಟ್ಟ. ಆ ಭೂಮಿ ನೋಡಿಕೊಳ್ಳುವ ಗೊರವ, ಅಂದರೆ ಶೈವ ಪೂಜಾರಿ, ಈ ಕಲ್ಲಿಗೆ ಪೂಜೆ ಮಾಡದೆ ಉಂಡರೆ ನಾಯಿ ಮಾಡಿದ ಪಾಪ ಅವನಿಗೆ ಅಂತ ಬರೆಸಿದ.

ಅವತ್ತು ಈ ಕಥೆ ಹೇಳಿದ್ದು ಫಲಕ ಅಲ್ಲ. ಫಲಕದಲ್ಲಿ ಇದ್ದದ್ದು ಊರು, ಕಾಲ, ರಾಜವಂಶ. ಕಥೆ ಹೇಳಿದ್ದು ಕೋಲು ಹಿಡಿದು ಕೂತಿದ್ದ ಕಾವಲುಗಾರರು. "ಬನ್ರೋ ಇಲ್ಲಿ, ಈ ನಾಯಿ ಹೆಸರು ಕಾಳಿ" ಅಂತ ಶುರು ಮಾಡಿದರು. ಅರಸರ ಹೆಸರು ಒಂದೆರಡು ತಪ್ಪಿದರು ಅನ್ನುವುದು ನನಗೆ ಆಮೇಲೆ ಗೊತ್ತಾಯಿತು. ಕಾಳಿಯ ವಿಷಯ ಒಂದೂ ತಪ್ಪಿರಲಿಲ್ಲ. ಮಕ್ಕಳು ನೆಲದ ಮೇಲೆ ಕೂತುಬಿಟ್ಟರು. ಮೇಷ್ಟ್ರು ಗಡಿಯಾರ ನೋಡಿಕೊಂಡು ಕೊನೆಗೆ ಅವರೂ ಕೂತರು. ಸಾವಿರ ವರ್ಷದ ಹಿಂದೆ ಆ ಕಲ್ಲನ್ನು ನಿಲ್ಲಿಸಿದ್ದು ಊರ ದೇವಸ್ಥಾನದ ಎದುರು, ಹೋಗಿ ಬರುವವರೆಲ್ಲ ನೋಡಲಿ ಅಂತ. ಓದು ಬಾರದವರಿಗೆ ಚಿತ್ರ, ಬಂದವರಿಗೆ ಬರಹ. ಅದು ಯಾವತ್ತೂ ಪಂಡಿತರಿಗೆ ಮಾತ್ರ ಅಂತ ಇದ್ದ ವಸ್ತುವೇ ಅಲ್ಲ. ನಡುವೆ ನಾವು ಒಂದು ಹಗ್ಗ ಕಟ್ಟಿ, ಒಂದು ಸಣ್ಣ ಅಕ್ಷರದ ಚೀಟಿ ಅಂಟಿಸಿ, ಅದನ್ನು ದೂರ ಮಾಡಿಕೊಂಡೆವು.

ಪಕ್ಕದ ವಿಶ್ವೇಶ್ವರಯ್ಯ ಮ್ಯೂಸಿಯಂ ಬಗ್ಗೆ ಜಾಸ್ತಿ ಹೇಳುವ ಅಗತ್ಯ ಇಲ್ಲ. 1962ರಲ್ಲಿ ನೆಹರೂ ಅವರು ಉದ್ಘಾಟನೆ ಮಾಡಿದ ಕಟ್ಟಡ, ಈ ಊರಲ್ಲಿ ಬೆಳೆದ ಮಕ್ಕಳಲ್ಲಿ ಹೋಗದವರು ಕಡಿಮೆ. ಅಲ್ಲಿ ಮುಟ್ಟಬೇಡಿ ಅನ್ನುವ ಬದಲು ಒತ್ತಿ, ತಿರುಗಿಸಿ ಅಂತ ಬರೆದಿರುತ್ತಾರೆ. ಗದ್ದಲವೋ ಗದ್ದಲ, ಯಾರೂ ಶ್ ಅನ್ನುವುದಿಲ್ಲ. ವಕ್ರ ಕನ್ನಡಿಯಲ್ಲಿ ತನ್ನನ್ನು ನೋಡಿಕೊಂಡು ಒಬ್ಬರು ಅಜ್ಜಿ ಸೆರಗು ಬಾಯಿಗೆ ಅಡ್ಡ ಹಿಡಿದು ನಕ್ಕಿದ್ದನ್ನು ನೋಡಿದ್ದೇನೆ. ಮೊಮ್ಮಕ್ಕಳು ಮುಂದೆ ಹೋಗಿದ್ದರು. ಅಜ್ಜಿ ಮಾತ್ರ ಮತ್ತೆ ವಾಪಸ್ ಬಂದು ಇನ್ನೊಂದು ಸಲ ನೋಡಿಕೊಂಡರು.

ವೆಂಕಟಪ್ಪ ಚಿತ್ರಶಾಲೆಯ ವಿಷಯ ಮಾತ್ರ ಹೇಳಲೇಬೇಕು. ಮೈಸೂರು ಅರಸರ ಆಸ್ಥಾನದಲ್ಲಿದ್ದ ಕಲಾವಿದ ಕೆ. ವೆಂಕಟಪ್ಪನವರ ಹೆಸರಿನ ಗ್ಯಾಲರಿ. 2016ರಲ್ಲಿ ಇದನ್ನು ಖಾಸಗಿ ಪ್ರತಿಷ್ಠಾನವೊಂದರ ಜೊತೆ ಒಪ್ಪಂದ ಮಾಡಿಕೊಂಡು ನಡೆಸಲು ಸರ್ಕಾರ ಹೊರಟಾಗ ಕಲಾವಿದರು ಬೀದಿಗಿಳಿದರು. ಗ್ಯಾಲರಿಯ ಅಂಗಳದಲ್ಲೇ ಕೂತು ಚಿತ್ರ ಬರೆದರು, ಹಾಡಿದರು, ವಾರಗಟ್ಟಲೆ ಬಿಡಲಿಲ್ಲ. ಕಟ್ಟಡ ಸೋರುತ್ತದೆ, ಯಾರೂ ಬರುವುದಿಲ್ಲ, ಯಾರಾದರೂ ಚೆನ್ನಾಗಿ ನಡೆಸಿದರೆ ತಪ್ಪೇನು ಅಂತ ಕೇಳಿದವರೂ ಇದ್ದರು. ಅದು ಸುಮ್ಮನೆ ತಳ್ಳಿಹಾಕುವ ಮಾತೇನಲ್ಲ. ಸರ್ಕಾರಿ ಉಸ್ತುವಾರಿಯಲ್ಲಿ ಧೂಳು ಹಿಡಿದ ಎಷ್ಟು ಜಾಗ ನಾವು ನೋಡಿಲ್ಲ? ಆದರೆ ಕಲಾವಿದರ ಭಯಕ್ಕೆ ಕಾರಣ ಇತ್ತು. ಅಲ್ಲಿನ ಹಾಲ್ ಬಾಡಿಗೆ ಆಗ ಬಹಳ ಕಡಿಮೆ ಇತ್ತು. ಕಾಲೇಜು ಮುಗಿಸಿದ ಹುಡುಗಿಯೊಬ್ಬಳು ತನ್ನ ಮೊದಲ ಪ್ರದರ್ಶನ ಇಡಬಹುದಿತ್ತು. ನಿನ್ನ ಚಿತ್ರ ನಮ್ಮ ಮಟ್ಟಕ್ಕೆ ಇದೆಯಾ ಅಂತ ಕೇಳುವವರು ಇರಲಿಲ್ಲ. ಜಾಗ ಚೆಂದವಾದ ಮೇಲೆ ಆ ಪ್ರಶ್ನೆ ಬಂದೇ ಬರುತ್ತದೆ ಅನ್ನುವುದು ಅವರ ಲೆಕ್ಕ. ಕೊನೆಗೆ ಆ ಒಪ್ಪಂದ ನಡೆಯಲಿಲ್ಲ. ಅದೇ ಕಸ್ತೂರಬಾ ರಸ್ತೆಯಲ್ಲಿ 2023ರಲ್ಲಿ ಖಾಸಗಿಯವರದೇ ಹೊಸ ಕಲಾ ಮ್ಯೂಸಿಯಂ ಬಾಗಿಲು ತೆರೆಯಿತು. ಹವಾನಿಯಂತ್ರಣ ಇದೆ, ಫಲಕಗಳು ಚೆನ್ನಾಗಿವೆ, ಕೆಫೆ ಇದೆ. ನಾನು ಹೋಗಿ ಬಂದಿದ್ದೇನೆ, ಖುಷಿಯಾಯಿತು. ಎರಡೂ ಇರಲಿ ಅನ್ನುವವನು ನಾನು. ಒಂದರ ಬದಲಿಗೆ ಇನ್ನೊಂದು ಅಂದಾಗ ಮಾತ್ರ ನಾನು ಅಂಗಳದಲ್ಲಿ ಕೂತವರ ಕಡೆ.

ಕೊನೆಯದಾಗಿ ಹೆಬ್ಬಾಳದ ಒಂದು ಕಲ್ಲು. 2018ರಲ್ಲಿ ಅಲ್ಲಿ ಚರಂಡಿ ಕೆಲಸಕ್ಕೆ ಅಗೆಯುವಾಗ ಒಂದು ವೀರಗಲ್ಲು ಸಿಕ್ಕಿತು. ಕಿತ್ತಯ್ಯ ಅನ್ನುವ ವೀರನದ್ದು. ಕಾಲ ಸುಮಾರು ಕ್ರಿ.ಶ. 750. ಬೆಂಗಳೂರಿನಲ್ಲಿ ಸಿಕ್ಕ ಕನ್ನಡ ಶಾಸನಗಳಲ್ಲಿ ಬಹಳ ಹಳೆಯದು. ಆಸಕ್ತರು, ಊರಿನವರು ಸೇರಿ ಹಣ ಕೂಡಿಸಿ ಹೆಬ್ಬಾಳದಲ್ಲೇ ಒಂದು ಮಂಟಪ ಕಟ್ಟಿ ಅದನ್ನು ನಿಲ್ಲಿಸಿದರು. ನಾನು ನೋಡಲು ಹೋದಾಗ ಮಂಟಪದ ಕಟ್ಟೆಯ ಮೇಲೆ ಒಬ್ಬ ಡೆಲಿವರಿ ಹುಡುಗ ಹೆಲ್ಮೆಟ್ ಬಿಚ್ಚಿಟ್ಟು ಕೂತಿದ್ದ, ಮುಂದಿನ ಆರ್ಡರ್ ಬರುವ ತನಕ. "ಇದೇನು ಕಲ್ಲು ಗೊತ್ತಾ?" ಅಂದೆ. "ಯಾರೋ ಯುದ್ಧದಲ್ಲಿ ಸತ್ತೋರ್ದಂತೆ ಅಣ್ಣ, 1200 ವರ್ಷ ಆಯ್ತಂತೆ" ಅಂದ. ಯಾರು ಹೇಳಿದ್ದು ಅಂದರೆ, ದಿನಾ ಇಲ್ಲೇ ಕೂರ್ತೀನಲ್ಲ, ಬೋರ್ಡ್ ಓದಿದೆ ಅಂದ. ಕಿತ್ತಯ್ಯನನ್ನು ನೋಡಲು ಅಂತ ಅವನು ಬಂದವನಲ್ಲ. ಕೂರಲು ನೆರಳು ಬೇಕಿತ್ತು, ಬಂದ.

ಇನ್ನೂ ಮಾತಾಡಬಹುದಿತ್ತು. ಅಷ್ಟರಲ್ಲಿ ಬಾಗಿಲ ಹತ್ತಿರ ಒಂದು ಕೈ ಮೇಲೆದ್ದಿತು. ಮೆಟ್ಟಿಲ ಮೇಲೆ ಕಾಲು ಸರಿಸಿ ದಾರಿ ಕೊಟ್ಟಿದ್ದ ಹುಡುಗ. ಪ್ರಶ್ನೆ ಇರಬೇಕು ಅಂತ ಸಂಘಟಕರು ಖುಷಿಯಾಗಿ ಮೈಕ್ ಕಳಿಸಿದರು. ಅವನು ಮೈಕ್ ತೆಗೆದುಕೊಳ್ಳಲಿಲ್ಲ. "ಸಾರ್, ಕಾರ್ಯಕ್ರಮ ಎಷ್ಟೊತ್ತಿಗೆ ಮುಗಿಯುತ್ತೆ? ಎಂಟಕ್ಕೆ ಬಾಗಿಲು ಹಾಕ್ತಾರೆ" ಅಂದ. ಗಡಿಯಾರದಲ್ಲಿ ಏಳು ಗಂಟೆ ಐದು ನಿಮಿಷ. ಮುಗಿಯಿತು ಅಂದೆ. ನಾನು ವೇದಿಕೆ ಇಳಿಯುವಷ್ಟರಲ್ಲಿ ಅವರು ಒಳಗೆ ಬಂದು ಕುರ್ಚಿಗಳನ್ನು ಮೇಜಿನ ಕಡೆ ಎಳೆಯಲು ಶುರು ಮಾಡಿದ್ದರು. ಆ ಸದ್ದಿನಲ್ಲಿ ವಂದನಾರ್ಪಣೆ ಯಾರಿಗೂ ಸರಿಯಾಗಿ ಕೇಳಿಸಲಿಲ್ಲ. ಕಿಟಕಿ ಹತ್ತಿರದ ಹಿರಿಯರಲ್ಲಿ ಒಬ್ಬರು ಮಾತ್ರ ಪೇಪರ್ ಮಡಿಸಿಟ್ಟು ನನ್ನ ಕಡೆ ನೋಡಿ, "ಮುಗೀತಾ?" ಅಂದರು.